ಮೆದುಳು ನಾಟಕ ಕಂಪನಿ, ಕ್ಯಾಂಪ್: ವಡಗಾವಿ

ಬ್ಯಾಂಕಿನಿಂದ ನಿವೃತ್ತನಾದವನಿಗೆ ಎರಡು ರೋಗ ಅಂಟುತ್ತವೆ. ಒಂದು ಸಕ್ಕರೆ, ಇನ್ನೊಂದು ಸಲಹೆ. ಮೊದಲನೆಯದಕ್ಕೆ ಗುಳಿಗೆ ಉಂಟು. ಎರಡನೆಯದು ನನಗೆ ಬಲಿತಾಗ ಬೆಳಗಾವಿಯ ವಡಗಾವಿಯಲ್ಲಿನ ಒಂದು ನೇಕಾರರ ಸಂಘ ನನ್ನನ್ನು ಕರೆದು ‘ಗೌರವ ಸಲಹೆಗಾರ’ ಎಂದಿತು. ಗೌರವ ಅಂದರೆ ಸಂಬಳವಿಲ್ಲ ಅಂತ ಅರ್ಥ.

ಸಂಘಕ್ಕೆ ಬೇಕಾಗಿದ್ದದ್ದು ಐದು ವರ್ಷದ ಯೋಜನೆ. ಸೂರತ್ತಿನ ಸೀರೆ ಅಗ್ಗದ ಬೆಲೆಗೆ ಬಂದು ಖಡೇಬಜಾರಿನಲ್ಲಿ ಕೂತಿದೆ. ನೂಲಿನ ದರ ಏರುತ್ತದೆ, ಮಜೂರಿ ಏರುವುದಿಲ್ಲ. ಹುಡುಗರು ಪಾವರ್‌ಲೂಮ್ ಬಿಟ್ಟು ಉದ್ಯಮಬಾಗದ ಫೌಂಡ್ರಿಗಳ ಕಡೆ ಹೊರಟಿದ್ದಾರೆ. ಇದಕ್ಕೆ ಏನು ಮಾಡೋಣವೆಂದು ಎರಡು ಹಾಳೆ ಬರೆದು ಕೊಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಅದೇ ಹೊತ್ತಿಗೆ ನಾನು ಬೆಂಗಳೂರಿನ ಮಗನ ಮನೆಗೆ ಹೋದವನು, ರಂಗಭೂಮಿ ಮತ್ತು ನರವಿಜ್ಞಾನ ಬಳಸಿ ಸಂಸ್ಥೆಗಳ ಮುಂದಿನ ದಾರಿ ಗೊತ್ತು ಮಾಡುವುದು ಹೇಗೆ ಎಂಬ ಶಿಬಿರಕ್ಕೆ ಕೂತು ಬಂದಿದ್ದೆ. ಊಟ ಚೆನ್ನಾಗಿತ್ತು. ಪ್ರಮಾಣಪತ್ರವನ್ನೂ ಕೊಟ್ಟರು.

ಅಲ್ಲಿ ಹೇಳಿದ್ದು ಇಷ್ಟು: ಮೇಜಿನ ಸುತ್ತ ಕೂತವರು ಮೇಲಿನವರಿಗೆ ಹಿತವಾಗುವುದನ್ನಷ್ಟೇ ಆಡುತ್ತಾರೆ. ಹೆದರಿಕೆ ಹುಟ್ಟಿದರೆ ಮೆದುಳಿನೊಳಗಿನ ಅಮಿಗ್ಡಲಾ ಎದ್ದು ಕೂರುತ್ತದೆ, ಹಣೆಯ ಹಿಂದಿನ ವಿಚಾರ ಮಾಡುವ ಭಾಗ ಮಂಕಾಗುತ್ತದೆ. ಅದೇ ಮಂದಿಗೆ ಪಾತ್ರ ಹಂಚಿ, ಎಬ್ಬಿಸಿ ನಿಲ್ಲಿಸಿದರೆ ಬಾಯಿ ಬಿಡುತ್ತಾರೆ. ಮಾತೇನೂ ಸುಳ್ಳಲ್ಲ. ಅದನ್ನು ಹೊತ್ತು ವಡಗಾವಿಗೆ ಬಂದವನು ನಾನು ಎಂಬುದಷ್ಟೇ ತೊಂದರೆ.

ನನ್ನ ತಲೆಯಲ್ಲಿ ಗುರ್ಲಹೊಸೂರು ಬೇರೆ ಕುಣಿಯುತ್ತಿತ್ತು. ಸವದತ್ತಿ ಬದಿಯ ಆ ಒಂದೇ ಊರಿನಿಂದ, ಒಂದೇ ಅಡ್ಡಹೆಸರಿನ ಇಬ್ಬರು ಹೊರಟರು. ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ ಮರಾಠಿ ರಂಗಭೂಮಿಯ ದಿಕ್ಕನ್ನೇ ತಿರುಗಿಸಿದರು. ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಒಬ್ಬರು ನಾಟಕ, ಒಬ್ಬರು ಕಾರ್ಖಾನೆ. ಎರಡನ್ನೂ ಒಂದೇ ತಟ್ಟೆಯಲ್ಲಿ ಕಲಸುವ ಯೋಗ ನನಗಾಗಿಯೇ ಕಾದಿದೆ ಅನ್ನಿಸಿತು.

ನಮ್ಮ ಸಂಘಕ್ಕೂ ಅಂಥದೇ ಶಿಬಿರ ನಡೆಸೋಣ, ಅದಕ್ಕೆ ಕಾಡಿನ ಮೌನ ಬೇಕು, ಖಾನಾಪುರದಾಚೆ ಒಂದು ರಿಸಾರ್ಟ್ ನೋಡಿದ್ದೇನೆ ಎಂದು ಅಧ್ಯಕ್ಷರಿಗೆ ಹೇಳಿದೆ. ಆಷಾಢದ ಮಳೆ ಧೋ ಎನ್ನುತ್ತಿತ್ತು.

“ಸಾಹೇಬ್ರ, ಆ ಅಡವ್ಯಾಗ ಕರಡಿ ಅದಾವು.”

“ಇರಲಿ ಬಿಡ್ರಿ.”

“ಕರಡಿ ಎದರಿಗೆ ಬಂದ್ರ ನಿಮ್ಮ ಅಮಿಗ್ಡಲಾ ಪಾಠ ಅಲ್ಲೇ ಪ್ರಾಕ್ಟಿಕಲ್ ಆಗ್ತೈತಿ. ಆದ್ರ ಐದು ವರ್ಷದ ಯೋಜನಾಕ್ಕ ಸಹಿ ಮಾಡಾಕ ಯಾರೂ ಉಳಿಯಂಗಿಲ್ಲ.”

ಹೀಗಾಗಿ ವಡಗಾವಿಯಲ್ಲೇ, ಗುಡಿಯ ಪಕ್ಕದ ಹಾಲ್‌ನಲ್ಲಿ, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಎಂದು ಗೊತ್ತಾಯಿತು. ಸುತ್ತ ಎಲ್ಲ ಓಣಿಗಳಲ್ಲೂ ಮಗ್ಗದ ಖಟಪಟ. ಅದರ ಮೇಲೆ ಗಂಟಲು ಹರಿದುಕೊಂಡು ನರವಿಜ್ಞಾನ ಸಾರುವುದು ನನ್ನ ಪಾಲಿಗೆ ಬಂತು.

ಮೆದುಳಿನ ಮಾದರಿ ಎಂದು ಖಾಸಬಾಗ ಸಂತೆಯಿಂದ ದೊಡ್ಡದೊಂದು ಹೂಕೋಸು ತಂದಿದ್ದೆ. “ಮೆದುಳಿನ ತೂಕ ಸುಮಾರು 1.4 ಕಿಲೋ. ಮೈತೂಕದ ನೂರಕ್ಕೆ ಎರಡು ಪಾಲಷ್ಟೇ. ಆದರೆ ಮೈಗೆ ಸಿಗುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದಕ್ಕೇ ಬೇಕು” ಎಂದೆ. ಮಗ್ಗದ ಕಂಡಕಿಗೆ ನೂಲು ಸುತ್ತುವ ಅಕ್ಕ ಒಬ್ಬರು ಪಕ್ಕದವರಿಗೆ, “ತೂಕ ಕಮ್ಮಿ, ಉಣ್ಣೂದು ಜಾಸ್ತಿ. ನಮ್ಮ ಸಂಘದ ಆಫೀಸ್ ಇದ್ದಂಗ” ಎಂದರು. ಮೆಲ್ಲಗೇ ಅಂದದ್ದು, ಆದರೆ ಹುಟ್ಟಿದಾರಭ್ಯ ಮಗ್ಗದ ಸಪ್ಪಳದಲ್ಲಿ ಮಾತಾಡಿದವರ ಮೆಲುದನಿ ಅದು. ಖಾನಾಪುರದವರೆಗೆ ಕೇಳಿರಬೇಕು.

ಎಡ ಮೆದುಳು, ಬಲ ಮೆದುಳು ತೋರಿಸಲೆಂದು ಹೂಕೋಸನ್ನು ನಡುವೆ ಕೊಯ್ದೆ. ಒಬ್ಬ ಲೆಕ್ಕದ ಎಡಮೆದುಳಿನವ, ಇನ್ನೊಬ್ಬ ಕಲೆಯ ಬಲಮೆದುಳಿನವ ಎಂದು ಮನುಷ್ಯರನ್ನು ವಿಂಗಡಿಸುವುದು ಬರೀ ದಂತಕಥೆ, ವಿಜ್ಞಾನ ಹಾಗೆ ಹೇಳುವುದಿಲ್ಲ ಎಂದು ವಿವರಿಸಬೇಕೆಂದಿದ್ದೆ. ಅಷ್ಟರಲ್ಲಿ ಮುಂದೆ ಕೂತ ಹುಡುಗ ಕೂಗಿದ: “ಸಾಹೇಬ್ರ, ನಿಮ್ಮ ಎಡ ಮೆದುಳಿನ್ಯಾಗ ಹುಳ ಐತಿ!”

ಹುಳವನ್ನು ಅಲ್ಲಿಗೇ ಬಿಟ್ಟು ಕನ್ನಡಿ ನರಕೋಶಗಳಿಗೆ ಹಾರಿದೆ. ಇಟಲಿಯ ಪಾರ್ಮಾದಲ್ಲಿ ಜಾಕೊಮೊ ರಿಜೊಲಾಟಿ ಮತ್ತು ಸಂಗಡಿಗರು ಮಂಗಗಳ ಮೆದುಳು ಪರೀಕ್ಷಿಸುತ್ತಿದ್ದರು. ಮಂಗ ತಾನೇ ತಿನಿಸು ಎತ್ತಿಕೊಂಡಾಗ ಚುರುಕಾಗುವ ಕೆಲವು ನರಕೋಶಗಳು, ಎದುರಿಗಿದ್ದ ಸಂಶೋಧಕ ಎತ್ತಿಕೊಂಡದ್ದನ್ನು ಬರೀ ನೋಡಿದಾಗಲೂ ಚುರುಕಾದವು. 1992ರಲ್ಲಿ ಇದು ಪ್ರಕಟವಾಯಿತು. ಮನುಷ್ಯರ ವಿಷಯದಲ್ಲಿ ಇದರಿಂದ ಎಷ್ಟನ್ನು ವಿವರಿಸಬಹುದು ಎಂಬುದರ ಬಗ್ಗೆ ವಿಜ್ಞಾನಿಗಳು ಇನ್ನೂ ಜಗಳಾಡುತ್ತಾರೆ. ಶಿಬಿರದಲ್ಲಿ ಆ ಜಗಳದ ಸುದ್ದಿ ಯಾರೂ ಎತ್ತಿರಲಿಲ್ಲ, ನಾನೂ ಎತ್ತಲಿಲ್ಲ.

“ಅಪ್ಪನ ಕೈ ನೋಡಿ ಲಾಳಿ ಹಿಡಿಯೂದು ಕಲತೀನ್ರಿ ನಾನು. ಇದಕ್ಕ ಇಟಲಿಗೆ ಯಾಕ ಹೋಗಬೇಕಿತ್ತು?” ಅಂದರು ಹಿರಿಯ ನೇಕಾರರೊಬ್ಬರು. ಆಮೇಲೆ ಸ್ವಲ್ಪ ಯೋಚಿಸಿ, “ಒಂದ ಸಂಶೆ ಐತ್ರಿ. ಇಲ್ಲೆ ಮಂಗ್ಯಾ ಯಾರು? ನಾವೋ, ನೀವೋ?”

ನಾಟಕಕ್ಕೆ ಇಳಿಯುವುದೇ ಕ್ಷೇಮ ಅನ್ನಿಸಿತು. ಬ್ರೆಜಿಲ್‌ನ ಅಗಸ್ಟೊ ಬೋಲ್ ಎಂಬ ರಂಗಕರ್ಮಿಯ ಪದ್ಧತಿ: ಸಮಸ್ಯೆಯನ್ನೇ ನಾಟಕವಾಗಿ ಆಡುವುದು. ಪ್ರೇಕ್ಷಕರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಕೂಗಿ, ವೇದಿಕೆಗೆ ಬಂದು, ಪಾತ್ರ ತಾವೇ ವಹಿಸಿ ಕಥೆಯನ್ನು ಬೇರೆ ದಾರಿಗೆ ತಿರುಗಿಸಬಹುದು. ಮನುಷ್ಯ 1993ರಿಂದ ರಿಯೊ ನಗರಸಭೆಯ ಸದಸ್ಯನಾಗಿದ್ದಾಗ ಹೀಗೆ ಆಡಿಸಿಯೇ 13 ಕಾನೂನು ಹುಟ್ಟಿಸಿದ. ನಾನು ಒಂದೇ ಒಂದು ಠರಾವು ಹುಟ್ಟಿಸಿದರೂ ಸಾಕಿತ್ತು.

ನೂಲಿನ ವ್ಯಾಪಾರಿಯ ಪಾತ್ರ ನನ್ನದು. “ದರಾ ಏರೈತಿ” ಎಂದು ಬಾಯಿ ತೆರೆದದ್ದೇ ತಡ, ಇಡೀ ಹಾಲ್ ‘ನಿಲ್ಲಸ್ರಿ’ ಎಂದು ಎದ್ದು ನಿಂತಿತು. ಯಾರೋ ಗುಡಿಯಿಂದ ಹಾರ್ಮೋನಿಯಂ ತಂದರು. ಬೈಲಹೊಂಗಲ ಸೀಮೆಯ ಸಂಗ್ಯಾ-ಬಾಳ್ಯಾ ಸಣ್ಣಾಟ ಗೊತ್ತಿಲ್ಲದವರು ಇಲ್ಲಿ ಯಾರು? ಕ್ಷಣದಲ್ಲಿ ಪಾತ್ರಗಳು ಹೊಸದಾಗಿ ಹಂಚಿಹೋದವು. ನೇಕಾರ ಸಂಗ್ಯಾ ಆದ, ವ್ಯಾಪಾರಿ ಈರ್ಯಾ ಆದ. ನನ್ನನ್ನು ಪಕ್ಕಕ್ಕೆ ಸರಿಸಿ, “ನೀವ ಬಾಳ್ಯಾ ಆಗ್ರಿ” ಎಂದರು.

“ನಾನ್ಯಾಕೆ?”

“ಸಲಹಾ ಕೊಡಾಂವ ಬಾಳ್ಯಾನ ಅಲ್ರಿ? ಮೊದಲ ಸಂಗ್ಯಾನ್ನ ಹುರಿದುಂಬಸ್ತಾನ, ಆಮ್ಯಾಲ ಈರ್ಯಾನ ಕೈಯಾಗ ಕೊಟ್ಟು ಬರ್ತಾನ.”

ಮೂವತ್ತು ವರ್ಷ ಸಾಲದ ಅರ್ಜಿಗಳ ಮೇಲೆ ಟಿಪ್ಪಣಿ ಬರೆದವನಿಗೆ ಇಷ್ಟು ಚಿಕ್ಕದಾದ, ಇಷ್ಟು ಖಚಿತವಾದ ಟಿಪ್ಪಣಿ ಎಂದೂ ದಕ್ಕಿರಲಿಲ್ಲ. ಆಡಿದೆ. ಚೆನ್ನಾಗಿಯೇ ಆಡಿದೆ ಎಂದು ಕಾಣುತ್ತದೆ. ಅಜ್ಜ ಒಬ್ಬರು ನಡುವೆ ಎದ್ದು ಬಂದು, “ಬಾಳ್ಯಾನ ಪಾತ್ರಧಾರಿ ಸಾಹೇಬ್ರಿಗೆ ಹನ್ನೊಂದ ರೂಪಾಯಿ ಆಯೇರಿ” ಎಂದು ಸಾರಿ ಕಿಸೆಗೆ ತುರುಕಿದರು.

ಆ ಅಜ್ಜ ಹರೆಯದಲ್ಲಿ ನಾಟಕ ಕಂಪನಿಯೊಂದರಲ್ಲಿ ಪರದೆ ಎಳೆದವರು. ಏಣಗಿ ಬಾಳಪ್ಪನವರ ಬಸವಣ್ಣನ ಪಾತ್ರ ನೆನೆದರೆ ಈಗಲೂ ಅವರ ಕೈ ಮುಗಿಯುತ್ತದೆ. ಅವರು ನೆಲಕ್ಕೆ ಕೂತು ಹೇಳಿದ ಮಾತು ನನ್ನ ಪ್ರಮಾಣಪತ್ರದಲ್ಲಿ ಇರಲಿಲ್ಲ: “ಕಂಪನಿ ಮಾಲಕರು ಸುಮ್ಮ ಕ್ಯಾಂಪ್ ಹಾಕ್ತಿದ್ದಿಲ್ರಿ. ಸುಗ್ಗಿ ಮುಗದೈತೇನ, ಜಾತ್ರಿ ಯಾವಾಗ, ಹಿಂದಿನ ಕಂಪನಿ ಯಾವ ನಾಟಕ ಆಡಿ ಹೋಗೈತಿ, ಎಲ್ಲಾ ಬರದ ಇಟ್ಕೋತಿದ್ರು. ನಮ್ಮ ಸಂಘದಾಗ ಯಾವ ಜಾತ್ರಿಗೆ ಯಾವ ಸೀರಿ ಹೋಗೈತಿ ಅಂತ ಒಂದ ಅಕ್ಷರ ಐತೇನು? ಎಲ್ಲವ್ವನ ಹುಣ್ಣಿಮಿ ಬಂದಾಗ ಹಸರ ಸೀರಿ ಮುಗೀತು ಅಂತೀರಿ. ಹುಣ್ಣಿಮಿ ಹೇಳದ ಬರ್ತೈತೇನು?”

ಅಧ್ಯಕ್ಷರು ತಲೆ ತಗ್ಗಿಸಿ ಬರೆದುಕೊಂಡರು. ಆಗ ಕಂಡಕಿ ಅಕ್ಕ ಎದ್ದು, ಯಾರೂ ಕೊಡದಿದ್ದರೂ ಅಧ್ಯಕ್ಷರ ಪಾತ್ರ ತಾವೇ ತೆಗೆದುಕೊಂಡು, ಸೊಂಟಕ್ಕೆ ಕೈ ಇಟ್ಟು ನನ್ನತ್ತ ತಿರುಗಿದರು: “ಮಂಗಳವಾರ ಹನ್ನೊಂದಕ್ಕ ಮಗ್ಗ ನಿಲ್ಲಿಸಿ ಮೀಟಿಂಗ್ ಕರದಾಂವ ಯಾಂವ? ಇವತ್ತಿನ ಮಜೂರಿ ಯಾರ ಕೊಡ್ತೀರಿ?” ನನ್ನ ಅಮಿಗ್ಡಲಾ ಎದ್ದು ಕೂತಿತು. ಹಣೆಯ ಹಿಂದಿನ ಭಾಗ ಪೂರ್ತಿ ಮಂಕಾಯಿತು. ಪಾಠದ ಮಟ್ಟಿಗೆ ಪ್ರಯೋಗ ಯಶಸ್ವಿ.

ಐದು ವರ್ಷದ ಯೋಜನೆ ಸಿದ್ಧವಾಯಿತು. ಠರಾವು ಒಂದು: ಜಾತ್ರೆವಾರು ಸೀರೆ ಮಾರಾಟದ ವಹಿ ಇಡತಕ್ಕದ್ದು. ಠರಾವು ಎರಡು: ಮಗ್ಗ ನಡೆಯುವ ಹೊತ್ತಿನಲ್ಲಿ ಇನ್ನು ಮುಂದೆ ಯಾವ ಶಿಬಿರವನ್ನೂ ನಡೆಸತಕ್ಕದ್ದಲ್ಲ. ಎರಡನೆಯದಕ್ಕೆ ಚಪ್ಪಾಳೆ ಹೆಚ್ಚು ಬಿತ್ತು. ಹುಳದ ಅರ್ಧ ಬಿಟ್ಟು ಉಳಿದರ್ಧ ಹೂಕೋಸು ಸಂಜೆ ಭಜಿಯಾಯಿತು.

ಮರುದಿನ ಬ್ಯಾಂಕಿನವನ ಪ್ರಾಮಾಣಿಕತೆ ಕೆರಳಿ, ಆಯೇರಿಯ ಹನ್ನೊಂದು ರೂಪಾಯಿ ಸಂಘಕ್ಕೆ ಜಮಾ ಮಾಡಲು ಹೋದೆ. ಗುಮಾಸ್ತ ವಹಿ ಮೇಲೆ ಕೆಳಗೆ ತಿರುವಿ ಹಾಕಿದ.

“ಆಯೇರಿ ಅಂತ ಖಾತೆ ಇಲ್ರಿ ಸಾಹೇಬ್ರ. ‘ಹಳೇ ಸಾಮಾನು ಮಾರಾಟ’ ಅಂತ ಐತಿ. ಅದಕ್ಕ ಹಚ್ಚಲೇನ್ರಿ?”

ಹಚ್ಚು ಅಂದೆ.