ಮೂರನೇ ಒಂದು ಮೊಲ

1922ರ ಸುಮಾರಿಗೆ ಟೊರಾಂಟೊದಲ್ಲಿ ಇನ್ಸುಲಿನ್ ಎಂದರೆ ದನದ ಮೇದೋಜೀರಕ ಗ್ರಂಥಿಯಿಂದ ಇಳಿಸಿದ ಒಂದು ಬಗೆಯ ಸಾರ. ಒಂದು ಸಲದ್ದು ಜೋರು, ಇನ್ನೊಂದು ಸಲದ್ದು ಸಪ್ಪೆ. ಅದರಲ್ಲಿ ಔಷಧವೆಷ್ಟು, ಕಸವೆಷ್ಟು ಎಂದು ತಕ್ಕಡಿ ಹೇಳಲಾರದು. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ತಂಡದ ಕಾಲಿಪ್ ಮೊಲವನ್ನೇ ಕೇಳಿದ. 24 ಗಂಟೆ ಉಪವಾಸವಿದ್ದ, 2 ಕಿಲೊ ತೂಗುವ ಮೊಲ. ಚುಚ್ಚಿದರೆ ರಕ್ತದ ಸಕ್ಕರೆ ಇಳಿದು ಸೆಟೆದುಕೊಳ್ಳುತ್ತಿತ್ತು. ಗ್ಲೂಕೋಸ್ ಕೊಟ್ಟರೆ ಎದ್ದು ಕೂರುತ್ತಿತ್ತು. ಬಲವಂತದ ಏಕಾದಶಿ, ಮೂರ್ಛೆ, ಕೊನೆಗೆ ಪಾನಕ!

ಹೀಗೆ ಮೊಲ ಬೀಳಿಸುವಷ್ಟು ಇನ್ಸುಲಿನ್ನೇ ಒಂದು ಯೂನಿಟ್ ಆಯಿತು. ರೋಗಿಗಳಿಗೆ ಅದು ದೊಡ್ಡ ಅಳತೆ ಅನ್ನಿಸಿ, 1923ರಲ್ಲಿ ಎಡಿನ್‌ಬರೋದಲ್ಲಿ ಸೇರಿದ ಪಂಡಿತರು ಅದರ ಮೂರನೇ ಒಂದು ಪಾಲಿಗೆ ಒಪ್ಪಿದರು. ಆದರೆ ಮೊಲಗಳು ಒಪ್ಪಬೇಕಲ್ಲ? ಒಂದಕ್ಕೆ ಸಾಕಾದದ್ದು ಇನ್ನೊಂದಕ್ಕೆ ಸಾಲದು. ಲಂಡನ್ನಿನ ವಿಜ್ಞಾನಿ ಹೆನ್ರಿ ಡೇಲ್ ಮುಂತಾದವರು ಹಿಡಿದ ದಾರಿ ನನಗೆ ಬಹಳ ಇಷ್ಟ. 1925ರಲ್ಲಿ ಒಣಪುಡಿಯೊಂದನ್ನು ಮಾನಕವೆಂದು ಎತ್ತಿಟ್ಟು, ಅದರ 1 ಮಿಲಿಗ್ರಾಂಗೆ 8 ಯೂನಿಟ್ ಎಂದು ಗೊತ್ತುಮಾಡಿದರು. ಆಮೇಲೆ ಮೊಲಕ್ಕೆ ಕೇಳಬೇಕಾದದ್ದು "ಇದು ಎಷ್ಟು?" ಎಂದಲ್ಲ, "ಅದಕ್ಕಿಂತ ಇದು ಹೆಚ್ಚೋ ಕಮ್ಮಿಯೋ?" ಎಂದು. ಒಂದು ಗುಂಪಿಗೆ ಇವತ್ತು ಮಾನಕ, ಇನ್ನೊಂದು ದಿನ ಹೊಸ ಔಷಧ. ಎರಡನೇ ಗುಂಪಿಗೆ ತಿರುಗುಮುರುಗು. ಮೊಲದ ಹುಟ್ಟುಗುಣ ಎರಡೂ ಕಡೆ ಇರುವುದರಿಂದ ಹೊಡೆದುಹೋಗುತ್ತದೆ.

ಈ ಸಾಕ್ಷಿಕಟ್ಟೆಗೆ ಹತ್ತಿದ ಪ್ರಾಣಿಗಳು ಒಂದೆರಡಲ್ಲ. ಎರ್ಗಟ್ ಎಂಬ ಔಷಧಕ್ಕೆ ಬಿಳಿ ಲೆಗ್‌ಹಾರ್ನ್ ಹುಂಜ: ಜುಟ್ಟು ನೀಲಿಗಟ್ಟಿದರೆ ಮಾಲು ಒಳ್ಳೆಯದು. ಫಾರ್ಮಸಿ ಓದಿದ ಹಳಬರಿಗೆ ಗಿನಿಯಿಲಿಯ ಕರುಳಿನ ತುಂಡು ನೆನಪಿರುತ್ತದೆ. ಹಿಸ್ಟಮಿನ್ ಹನಿಸಿದರೆ ಅದು ಕುಗ್ಗಿ, ತಿರುಗುವ ಡ್ರಮ್ಮಿನ ಮೇಲಿನ ಮಸಿ ಕಾಗದದಲ್ಲಿ ಗೆರೆ ಎಳೆಯುತ್ತಿತ್ತು. ಅಂಗಿಗೆ ಹತ್ತಿದ ಮಸಿ ಬೇರೆ ಲೆಕ್ಕ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಮೆಣಸಿನಕಾಯಿಯ ಖಾರ ಅಳೆದದ್ದು ಮನುಷ್ಯರ ನಾಲಗೆಯಿಂದಲೇ. ಖಾರ ಗೊತ್ತಾಗದಂತಾಗುವ ತನಕ ಸಕ್ಕರೆ ನೀರು ಬೆರೆಸುತ್ತಾ ಹೋಗುವುದು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ ಎಂದು ತೀರ್ಪು ಕೊಟ್ಟವರ ನಾಲಗೆ ಅವನಿಗೆ ಸಿಕ್ಕಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತೇನೋ.

ಈಗ ಇನ್ಸುಲಿನ್ ಅಳೆಯಲು ಎಚ್‌ಪಿಎಲ್‌ಸಿ ಯಂತ್ರವಿದೆ. ಮೊಲ ಪಾರಾಯಿತು, ಯೂನಿಟ್ ಮಾತ್ರ ಸೀಸೆಯ ಮೇಲೆ ಉಳಿಯಿತು. ಬೆಳಿಗ್ಗೆ 18 ಯೂನಿಟ್ ಚುಚ್ಚಿಕೊಳ್ಳುವ ನಮ್ಮ ಸೋದರಮಾವನಿಗೆ, ಹಳೇ ಲೆಕ್ಕದಲ್ಲಿ ಅದು ಆರು ಮೊಲ ಎಂದೆ. ಅವರು ಗಾಬರಿಯಾಗಲಿಲ್ಲ. "ಹಾಗಾದ್ರೆ ಒಂದು ಹೋಳಿಗೆಗೆ ಎಷ್ಟು ಮೊಲ ಜಾಸ್ತಿ ಮಾಡ್ಕೋಬೇಕು, ನೋಡಿ ಹೇಳಯ್ಯ" ಎಂದರು.