ಶಿಶುಮಲಸೂತ್ರ: ದಾಂಡೇಲಿ ಭಾಷ್ಯಸಹಿತ

ಯಾವ ಶಾಸ್ತ್ರಕ್ಕೂ ನಾಲ್ಕು ಅನುಬಂಧ ಇರಲೇಬೇಕು. ಇಲ್ಲಿ ವಿಷಯ, ಕೂಸಿನ ಹೇಲು. ಸಂಬಂಧ, ಅದಕ್ಕೂ ಬಟ್ಟೆಗೂ ಇರುವ, ಸೋಪಿಗೂ ಜಗ್ಗದ ನಂಟು. ಅಧಿಕಾರಿ, ನಡುರಾತ್ರಿ ಎದ್ದು ದೀಪ ಹಾಕಿದವರು. ಪ್ರಯೋಜನ, ಮತ್ತೆ ನಿದ್ದೆ. ಕಾಗದಕ್ಕೆ ಹೆಸರಾದ ದಾಂಡೇಲಿಯಲ್ಲೂ ಮೂಲಗ್ರಂಥಗಳೆಲ್ಲ ಹಳೇ ಪಂಚೆಯ ತುಂಡಿನ ಮೇಲೇ ದೊರೆತಿವೆ. ಒಗೆದ ಮೇಲೂ ಉಳಿದದ್ದಕ್ಕೆ ಪಾಠಾಂತರವೆಂದು ಹೆಸರು.

ಪ್ರಮಾಣಗಳೂ ನಾಲ್ಕು. ಪ್ರತ್ಯಕ್ಷವೆಂದರೆ ಬಟ್ಟೆ ಬಿಚ್ಚಿ ನೋಡುವುದು. ಅನುಮಾನವೆಂದರೆ ಬಾಣಂತಿ ನಿನ್ನೆ ಏನು ತಿಂದಳೆಂದು ಅತ್ತೆ ಊಹಿಸುವುದು. ಶಬ್ದಪ್ರಮಾಣ ಪಕ್ಕದ ಕೋಣೆಗೂ ಕೇಳಿಸುತ್ತದೆ. ಉಪಮಾನ ಮಾತ್ರ ನಿಷಿದ್ಧ: ಬಣ್ಣವನ್ನು ಅಡುಗೆಗೆ ಹೋಲಿಸಿದ ಪಂಡಿತರು ಆ ಅಡುಗೆಯನ್ನು ಮತ್ತೆ ಮುಟ್ಟಿಲ್ಲ.

ಸೂತ್ರ 1: ಆದೌ ಕೃಷ್ಣಮ್.
ಭಾಷ್ಯ: ಮೊದಲದ್ದು ಕಪ್ಪು, ಅಂಟು, ಹೆಚ್ಚುಕಡಿಮೆ ವಾಸನೆಯಿಲ್ಲದ್ದು. ಗರ್ಭದಲ್ಲಿ ನುಂಗಿದ ನೀರು, ಉದುರಿದ ಚರ್ಮದ ಕಣ, ನವಿರು ಕೂದಲು, ಪಿತ್ತ, ಲೋಳೆ ಸೇರಿ ಆದದ್ದು. ತಾಯಿಯ ಮೊದಲ ಹಾಲೇ ಇದನ್ನು ಹೊರತಳ್ಳುವ ಔಷಧಿ. ಅದನ್ನು ಹಿಂಡಿ ಚೆಲ್ಲುವವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. 24 ಗಂಟೆ ಕಳೆದರೂ ಕೃಷ್ಣದರ್ಶನ ಆಗದಿದ್ದರೆ ಡಾಕ್ಟರಿಗೆ ಹೇಳಬೇಕು.

ಸೂತ್ರ 2: ತತೋ ಹರಿತಮ್, ಪಶ್ಚಾತ್ ಪೀತಮ್.
ಭಾಷ್ಯ: ಮೂರು-ನಾಲ್ಕನೇ ದಿನ ಹಸಿರು, ಐದರ ಸುಮಾರಿಗೆ ಹಳದಿ, ನೀರುನೀರು, ನಡುವೆ ಕಾಳುಕಾಳು. ಹಳಿಯಾಳದ ಗೌಳಿವಾಡೆ, ಜೋಯಿಡಾದ ಕುಣಬಿ ಮನೆ, ಮುಂಡಗೋಡಿನ ಟಿಬೆಟನ್ ಕ್ಯಾಂಪು, ದಾಂಡೇಲಿಯ ಮಿಲ್ ಕ್ವಾರ್ಟರ್ಸು, ಎಲ್ಲೆಡೆ ಮಾತು ಬೇರೆ, ಊಟ ಬೇರೆ, ಈ ಕ್ರಮ ಒಂದೇ. ಆಮೇಲೂ ಆಗೀಗ ಹಸಿರು ಕಂಡರೆ "ಬಸಳೆ ತಿಂದಿದ್ದಾಳೆ" ಎಂಬುದು ಪೂರ್ವಪಕ್ಷ. ಪಿತ್ತ ಬೇಗ ಹರಿದು ಬಂತು, ಅಷ್ಟೇ ಎಂಬುದು ಸಿದ್ಧಾಂತ.

ಸೂತ್ರ 3: ಸಂಖ್ಯಾ ನ ಪ್ರಮಾಣಮ್.
ಭಾಷ್ಯ: ಮೊದಲ ವಾರಗಳಲ್ಲಿ ಹಾಲು ಕುಡಿದಾಗಲೆಲ್ಲ ಹೋದೀತು. ಆರು ವಾರದ ನಂತರ ಎದೆಹಾಲಿನ ಕೂಸು ನಾಲ್ಕೈದು ದಿನ ಮೌನವ್ರತ ಹಿಡಿದೀತು. ಮುಕ್ಕಿರಿದು ಮುಖ ಕೆಂಪಾದ ಮಾತ್ರಕ್ಕೆ ಮಲಬದ್ಧತೆ ಸಿದ್ಧವಾಗುವುದಿಲ್ಲ. ಹೇಲು ಮೆತ್ತಗಿದ್ದು, ಕೂಸು ಹಾಲು ಕುಡಿದು ತೂಕ ಏರುತ್ತಿದ್ದರೆ ವಾದ ಮುಗಿಯಿತು. ಗಟ್ಟಿ ಹಿಕ್ಕೆಯಾದರೆ ಮಾತ್ರ ಪುನರ್ವಿಚಾರ.

ಸೂತ್ರ 4: ಶ್ವೇತಂ ತು ವೈದ್ಯಾಯ.
ಭಾಷ್ಯ: ಇಲ್ಲಿ ಹಾಸ್ಯಕ್ಕೆ ರಜೆ. ಬಿಳಿಚಿದ, ಬೂದು ಬಣ್ಣದ ಮಲವೆಂದರೆ ಪಿತ್ತ ಕರುಳಿಗೆ ಇಳಿಯದೆ ಇರಬಹುದು. ಪಿತ್ತನಾಳ ಮುಚ್ಚಿದ್ದರೆ ಜಪಾನಿನ ಮೊರಿಯೊ ಕಸಾಯಿ ರೂಪಿಸಿದ ಶಸ್ತ್ರಚಿಕಿತ್ಸೆ ಇದೆ. 60 ದಿನದೊಳಗೆ ಆದರೆ ಫಲ ಹೆಚ್ಚು. ಎರಡು ವಾರ ದಾಟಿಯೂ ಕಾಮಾಲೆ ಉಳಿದರೆ, ರಕ್ತ ಕಂಡರೆ, ಹಳದಿಯಾದ ಮೇಲೆ ಮತ್ತೆ ಕಪ್ಪಾದರೆ ಬಟ್ಟೆಯ ಸಮೇತ ಆಸ್ಪತ್ರೆಗೆ ನಡೆಯಬೇಕು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬರುವ ಕ್ರಮವಿದೆ. ಶಂಕೆಗಳನ್ನು ಅವಳ ಮುಂದೆ ಬಿಚ್ಚಲು ನಾಚಿಕೆ ಬೇಡ, ಆದರೆ ಅವಳ ದಾರಿ ಕಾಯುತ್ತ ಆಸ್ಪತ್ರೆ ತಡಮಾಡಬಾರದು.

ಫಲಶ್ರುತಿ: ಇದನ್ನು ನಿತ್ಯ ಪಠಿಸುವ ಅಜ್ಜಿ ಬಜೆಯ ಕೊಂಬನ್ನೂ ಜೇನಿನ ಬಾಟಲಿಯನ್ನೂ ಅಟ್ಟಕ್ಕೇರಿಸುತ್ತಾಳೆ, ವರ್ಷ ತುಂಬದ ಕೂಸಿಗೆ ಜೇನು ವಿಷವೂ ಆಗಬಹುದಾದ್ದರಿಂದ. ಅಪ್ಪ ಫೋಟೋ ತೆಗೆದು ವಾಟ್ಸಾಪಿನಲ್ಲಿ ವಿದ್ವತ್ಸಭೆ ಕರೆಯುವುದನ್ನು ಬಿಟ್ಟು ಬಟ್ಟೆ ಒಗೆಯಲು ಕೂರುತ್ತಾನೆ. ಬಾಣಂತಿಯ ಮತದಲ್ಲಿ ಭಾಷ್ಯಕಾರನೆಂಬ ಬಿರುದಿಗೆ ಅರ್ಹನಾದವನು ಅವನೊಬ್ಬನೇ.