ಮೂಗಿನ ನೇರಕ್ಕೆ

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ರಾಯರು ಲಿಫ್ಟಿನಿಂದ ಇಳಿದು ಹೋಗಿ ಎಷ್ಟೋ ಹೊತ್ತಾದರೂ ಇನ್ನೂ ಅಲ್ಲೇ ಇರುತ್ತಾರೆ. ಅವರು ಆಫೀಸು ಸೇರಿ ಕಾಫಿ ಕುಡಿಯುತ್ತಿರಬಹುದು, ಅವರ ಸೆಂಟು ಮಾತ್ರ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿರುತ್ತದೆ. ಒಂದು ದಿನ ಧೈರ್ಯ ಮಾಡಿ, “ಘಮ್ ಅಂತಿದೀರಲ್ಲ ಸಾರ್” ಎಂದೆ. ಅವರು ಕಾಲರ್ ಎಳೆದು ಮೂಸಿ, “ಎಲ್ಲಿ ಸಾರ್? ಈಗಿನ ಮಾಲೇ ಚೆನ್ನಾಗಿಲ್ಲ. ಎಷ್ಟು ಹಾಕ್ಕೊಂಡ್ರೂ ನಿಲ್ಲೋದೇ ಇಲ್ಲ” ಎಂದರು.

ರಾಯರು ಸುಳ್ಳು ಹೇಳಲಿಲ್ಲ. ಒಂದೇ ವಾಸನೆ ಸ್ವಲ್ಪ ಹೊತ್ತು ಬಡಿಯುತ್ತಿದ್ದರೆ, ಸುದ್ದಿ ಹಳೆಯದಾಯಿತೆಂದು ಮೂಗು ಅದನ್ನು ಕೈಬಿಡುತ್ತದೆ. ಸೀದ ಅನ್ನ, ಸೋರುವ ಗ್ಯಾಸು ಮುಂತಾದ ಹೊಸ ಸುದ್ದಿಗೆ ಜಾಗ ಬೇಡವೇ? ಹಾಗಾಗಿ ವರ್ಷಗಟ್ಟಲೆ ಒಂದೇ ಸೆಂಟಿಗೆ ಅಂಟಿಕೊಂಡವರು ದಿನೇ ದಿನೇ ಒಂದೊಂದು ಒತ್ತು ಹೆಚ್ಚಿಸುತ್ತಾ ಹೋಗುತ್ತಾರೆ. ಒಡವೆ ಹಾಕಿಕೊಂಡವರಿಗೆ ಕನ್ನಡಿಯಾದರೂ ಇದೆ, ಸೆಂಟಿಗೆ ಅದೂ ಇಲ್ಲ. ತೊಟ್ಟವರಿಗೇ ಎಲ್ಲರಿಗಿಂತ ಮೊದಲು ಮಾಯವಾಗುವ ಅಲಂಕಾರ ಬೇರೆ ಯಾವುದಿದೆಯೋ ನಾನು ಕಾಣೆ.

ಇದು ನಮ್ಮ ಹೆಂಗಸರಿಗೆ ಎಂದೋ ಗೊತ್ತಿದ್ದಿರಬೇಕು. ಮಲ್ಲಿಗೆ ದಂಡೆಯನ್ನು ಮುಡಿಯುವುದು ಸ್ವಂತ ಮೂಗು ಎಷ್ಟು ತಿರುಗಿದರೂ ತಲುಪದ ಜಾಗದಲ್ಲಿ. ಅದರ ಪೂರ್ತಿ ಲಾಭ ಬಸ್ಸಿನಲ್ಲಿ ಹಿಂದಿನ ಸೀಟಿನವರಿಗೆ. ಮೈಸೂರು, ಉಡುಪಿ, ಹಡಗಲಿ ಮಲ್ಲಿಗೆಗಳು ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಮೂರೂ ಊರಿನವರು ತಮ್ಮದೇ ಹೆಚ್ಚೆಂದು ವಾದಿಸುತ್ತಾರೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ. ಆದರೆ ಒಂದು ಗುಟ್ಟು ಹೇಳಿಬಿಡುತ್ತೇನೆ. ಮಲ್ಲಿಗೆಯ ಪರಿಮಳದಲ್ಲಿ ಇಂಡೋಲ್ ಎಂಬ ಪದಾರ್ಥವಿದೆ, ಅದೇ ಇಂಡೋಲ್ ಮಲದಲ್ಲೂ ಇದೆ. ಚೂರೇ ಚೂರು ಇದ್ದರೆ ಘಮ, ಹೆಚ್ಚಾದರೆ ಮೂಗು ಮುಚ್ಚಿಕೊಳ್ಳಬೇಕು. ಪುನುಗಿನ ಕಥೆಯೂ ಇದೇ. ಪುನುಗು ಬೆಕ್ಕಿನ ಗ್ರಂಥಿಯಿಂದ ಒಸರುವ ಆ ಜಿಡ್ಡನ್ನು ನೇರವಾಗಿ ಮೂಸಿದವರು ಎದ್ದು ಹೋಗಬೇಕು, ತೆಳುವಾಗಿ ಬೆರೆಸಿದರೆ ತಿರುಪತಿ ತಿಮ್ಮಪ್ಪನಿಗೂ ಸಲ್ಲುತ್ತದೆ.

ಇನ್ನು ಆರಿಸುವ ಕಷ್ಟ. ಮಾಲಿನ ಸೆಂಟಂಗಡಿಯಲ್ಲಿ ಕಪ್ಪು ಕೋಟು ಹಾಕಿದ ಹುಡುಗಿ ಬಿಳಿ ಕಾಗದದ ಪಟ್ಟಿಗೆ ಪುಸ್ಸೆಂದು ಹೊಡೆದು, ಗಾಳಿಯಲ್ಲಿ ಬೀಸಿ, ನಮ್ಮ ಮುಖದ ಮುಂದೆ ಹಿಡಿಯುತ್ತಾಳೆ. ಆಗ ಬರುವುದು ನಿಂಬೆ, ಕಿತ್ತಳೆ ಜಾತಿಯ ಹಗುರ ವಾಸನೆ. ಅದು ಕಾಲು ಗಂಟೆಯಲ್ಲಿ ಹಾರಿಹೋಗುತ್ತದೆ. ಆಮೇಲೆ ಹೂವು ತಲೆಯೆತ್ತುತ್ತದೆ. ಮರ, ಗೋಂದು, ಕಸ್ತೂರಿಯಂಥ ಭಾರದವು ಕೊನೆಗೆ ಬಂದು ಸಂಜೆಯವರೆಗೆ ಕೂರುತ್ತವೆ, ಅದೂ ಕಾಗದದ ಮೇಲೆ ಒಂದು ಥರ, ಮೈಮೇಲೆ ಇನ್ನೊಂದು ಥರ. ನಾವು ದುಡ್ಡು ಕೊಡುವುದು ಮೊದಲನೆಯದನ್ನು ನಂಬಿ, ಸಂಸಾರ ಮಾಡುವುದು ಮೂರನೆಯದರ ಜೊತೆ. ಮಣಿಕಟ್ಟಿಗೆ ಹಚ್ಚಿಸಿಕೊಂಡು, ಊಟ ಮುಗಿಸಿ ಬಂದು ಹೇಳುತ್ತೇನೆ ಎಂದರೆ ಆ ಹುಡುಗಿಯ ಮುಖ ಸಣ್ಣಗಾಗುತ್ತದೆ. ಆದರೂ ಹಾಗೇ ಮಾಡಬೇಕು.

ಮೂಗು ದಣಿದರೆ ಮೂಸಲೆಂದು ಅಲ್ಲೊಂದು ಬಟ್ಟಲಲ್ಲಿ ಕಾಫಿ ಬೀಜ ಇಟ್ಟಿರುತ್ತಾರೆ. ಅದಕ್ಕೆ ಅಂಥ ಮಹಿಮೆಯೇನೂ ಇಲ್ಲ, ಬಾಗಿಲಾಚೆ ನಿಂತು ಬರೀ ಗಾಳಿ ಎಳೆದುಕೊಂಡರೂ ಸಾಕು. ಕಾಫಿ ನಾಡಿನವರಿಗಂತೂ ಅದು ಅಪಾಯಕಾರಿ. ಚಿಕ್ಕಮಗಳೂರಿನ ನನ್ನ ಸ್ನೇಹಿತನೊಬ್ಬ ಆ ಬಟ್ಟಲನ್ನು ಮೂಸಿದವನೇ ಬಂದ ಕೆಲಸ ಮರೆತು ಹೋಟೆಲಿಗೆ ನಡೆದ.

ಬಾಟಲಿಯ ಮೇಲಿನ ಫ್ರೆಂಚ್ ಹೆಸರುಗಳಿಗೆ ಹೆದರಬೇಕಾಗಿಲ್ಲ. ಸುಗಂಧ ಎಷ್ಟು, ಮದ್ಯಸಾರ ಎಷ್ಟು ಎಂಬ ಲೆಕ್ಕವಷ್ಟೆ. ಓ ದ ಪರ್ಫ್ಯೂಮ್‌ನಲ್ಲಿ ನೂರಕ್ಕೆ ಸುಮಾರು 15ರಿಂದ 20ರಷ್ಟು ಪಾಲು ಸುಗಂಧ, ಓ ದ ತ್ವಾಲೆತ್‌ನಲ್ಲಿ ಅದಕ್ಕಿಂತ ಕಡಿಮೆ, ಕೊಲೋನ್‌ನಲ್ಲಿ 2ರಿಂದ 4. ಈ ಕಡೆಯದು 18ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಕೊಲೋನ್‌ನಲ್ಲಿ ನೆಲೆಸಿದ್ದ ಇಟಲಿಯ ಯೋಹಾನ್ ಮರಿಯಾ ಫರೀನಾ ತಯಾರಿಸಿ, ಯುರೋಪಿನ ಅರಮನೆಗಳಿಗೆಲ್ಲ ಕಳಿಸಿದ ದ್ರವ. ನಮ್ಮ ಮನೆಯಲ್ಲಿ ಅದು ಔಷಧಿ ಕಪಾಟಿನಲ್ಲಿತ್ತು. ಜ್ವರ ಬಂದರೆ ಅಮ್ಮ ಒದ್ದೆ ಬಟ್ಟೆಗೆ ನಾಲ್ಕು ತೊಟ್ಟು ಬಿಟ್ಟು ಹಣೆಗೆ ಹಾಕುತ್ತಿದ್ದರು. ಈಗಲೂ ಯಾರಾದರೂ ಕೊಲೋನ್ ಹಚ್ಚಿಕೊಂಡು ಬಂದರೆ ಅವರಿಗೆ ಗಂಜಿ ಕೊಡಬೇಕು ಅನ್ನಿಸುತ್ತದೆ.

ಅತ್ತರಿನ ದಾರಿಯೇ ಬೇರೆ. ಅದರಲ್ಲಿ ಮದ್ಯಸಾರವಿಲ್ಲ, ಗದ್ದಲವಿಲ್ಲ. ನಮ್ಮ ಸೋದರಮಾವ ಕಡಲೆಕಾಳಿನಷ್ಟು ಹತ್ತಿಯನ್ನು ಅತ್ತರಿನಲ್ಲಿ ಅದ್ದಿ ಕಿವಿಯ ಮೇಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಗುಟ್ಟು ಹೇಳಲು ಹತ್ತಿರ ಬಂದವರಿಗೆ ಮಾತ್ರ ಅದು ಸಿಗುತ್ತಿತ್ತು. ಬೇಸಿಗೆಯಲ್ಲಿ ಲಾವಂಚ, ಚಳಿಗಾಲಕ್ಕೆ ಹೀನಾ. ಹೀಗೆ ಕಾಲ ನೋಡಿ ಹಚ್ಚುವುದು ಹಳೆಯ ಶೋಕಿ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ತಾಂಬೂಲಗಳ ಜೊತೆಗೆ ಮೈಗೆ ಪೂಸಿಕೊಳ್ಳುವ ಲೇಪನವನ್ನೂ ರಾಜಭೋಗಗಳ ಪಟ್ಟಿಗೆ ಸೇರಿಸಿದ್ದಾನೆ.

ಕನೌಜಿನ ಹಳೆಯ ಪದ್ಧತಿಯಲ್ಲಿ ತಾಮ್ರದ ಹಂಡೆಯಲ್ಲಿ ಹೂವನ್ನು ಕುದಿಸಿ, ಅದರ ಆವಿಯನ್ನು ಗಂಧದೆಣ್ಣೆಗೆ ಇಳಿಸುತ್ತಾರೆ. ಗುಲಾಬಿಯಾಗಲಿ, ಕೇದಗೆಯಾಗಲಿ, ಮಳೆ ಬಿದ್ದ ಮಣ್ಣಿನ ಅತ್ತರೇ ಆಗಲಿ, ತಳದಲ್ಲಿ ಕೂತಿರಬೇಕಾದ್ದು ಶ್ರೀಗಂಧ. ಇಲ್ಲಿ ನಾವು ಸ್ವಲ್ಪ ಎದೆಯುಬ್ಬಿಸಬಹುದು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಮರ ಸಾಗಿಸುವುದು ನಿಂತು, ಕೊರಡುಗಳು ರಾಶಿ ಬಿದ್ದಾಗ 1916ರಲ್ಲಿ ಮೈಸೂರಿನಲ್ಲೇ ಎಣ್ಣೆ ಕಾರ್ಖಾನೆ ಶುರುವಾಯಿತು. ಪ್ಯಾರಿಸಿನ ಗೆರ್ಲೇನ್ 1989ರಲ್ಲಿ ತಂದ ‘ಸಂಸಾರ’ ಎಂಬ ಸೆಂಟೂ ಮೈಸೂರಿನ ಗಂಧದ ಹೆಸರಿನಿಂದಲೇ ಮೆರೆಯಿತು. ಇಷ್ಟಾದರೂ ಹಿತ್ತಲಲ್ಲಿ ಗಂಧದ ಸಸಿ ಹುಟ್ಟಿದರೆ ನಮ್ಮ ಹಿರಿಯರು ಗುಟ್ಟಾಗಿ ಕಿತ್ತು ಬಿಸಾಕುತ್ತಿದ್ದರು. ನೆಲ ನಿಮ್ಮದು, ಮರ ಸರ್ಕಾರದ್ದು ಎಂಬ ಕಾನೂನಿತ್ತು. ಅದು ಸಡಿಲವಾದದ್ದು 2001ರಲ್ಲಿ.

ಹಾಗಾಗಿ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ, ಕುಂಕುಮದ ಗುಡ್ಡೆಗಳ ಪಕ್ಕ ಕೂತವನು ಗಾಜಿನ ಕಡ್ಡಿಯಿಂದ ನನ್ನ ತೋಳಿನ ಮೇಲೆ ಗೆರೆ ಎಳೆಯುತ್ತಾ, “ಇದು ಲೋಟಸ್ಸು, ಇದು ಜಾಸ್ಮಿನ್ನು, ಇದು ಒರಿಜಿನಲ್ ಸ್ಯಾಂಡಲ್ ಅಣ್ಣಾ” ಎಂದು ಅಗ್ಗದ ಬೆಲೆ ಹೇಳಿದಾಗ ನಾನು ನಕ್ಕೆ, ಅವನೂ ನಕ್ಕ. ಇಬ್ಬರಿಗೂ ಬೇಸರವಾಗಲಿಲ್ಲ. ಮೊಣಕೈ ತಲುಪುವಷ್ಟರಲ್ಲಿ ಗೆರೆಗಳೆಲ್ಲ ಕಲೆತು, ನನ್ನ ತೋಳು ಮದುವೆ ಛತ್ರದ ಬಾಗಿಲಾಗಿತ್ತು.

ಛತ್ರದ ಬಾಗಿಲ ಮಾತು ಬಂತಲ್ಲ, ಪನ್ನೀರುದಾನಿಯಷ್ಟು ಸಮತಾವಾದಿ ಇನ್ನೊಂದಿಲ್ಲ. ಬೀಗರಿಗೂ ಡ್ರೈವರಿಗೂ ಒಂದೇ ಗುಲಾಬಿ, ನಿಮ್ಮ ಆಯ್ಕೆಯನ್ನು ಯಾರೂ ಕೇಳುವುದಿಲ್ಲ. ಅಂದ ಹಾಗೆ, ರೇಷ್ಮೆ ಸೀರೆಯ ಮೇಲೆ ನೇರ ಸೆಂಟು ಹೊಡೆದುಕೊಂಡು ಕಲೆ ಬಂತೆಂದು ಅಳುವವರಿಗೆ ಸೀರೆ ಉಡುವ ಮುಂಚೆಯೇ ಮೈಗೆ ಹಚ್ಚಿಕೊಳ್ಳಿ ಎನ್ನುತ್ತೇನೆ. ಒಣ ಚರ್ಮದವರು ಮೊದಲು ಒಂದಿಷ್ಟು ವ್ಯಾಸಲಿನ್ ಸವರಿಕೊಂಡರೆ ಹೆಚ್ಚು ಹೊತ್ತು ನಿಲ್ಲುತ್ತದೆ.

ನಮ್ಮ ಮನೆಯಲ್ಲಿ ನನ್ನ ಸೆಂಟನ್ನು ಆರಿಸುವುದು ನನ್ನ ಹೆಂಡತಿ, ಅವಳದನ್ನು ನಾನು. “ದಿನಾ ಮೂಸೋಳು ನಾನು ತಾನೇ” ಎಂಬ ಅವಳ ವಾದಕ್ಕೆ ಎದುರುತ್ತರವಿಲ್ಲ. ಅಂಗಡಿಯ ಹುಡುಗರಿಗೆ ಇದು ಅರ್ಥವಾಗದೆ, ಹೆಂಗಸರ ಬಾಟಲಿ ಹಿಡಿದು ನಿಂತ ನನ್ನನ್ನು ಗಂಡಸರ ಸಾಲಿನ ಕಡೆ ತಿರುಗಿಸಲು ನೋಡುತ್ತಾರೆ. ಹೋದ ದಸರೆಯಲ್ಲಿ ನಾನು ಒಂದನ್ನು ಬಹಳ ಮೆಚ್ಚಿ ಅವಳ ಮಣಿಕಟ್ಟಿಗೆ ಹಚ್ಚಿಸಿದೆ. ಊಟ ಮಾಡಿ ಬಂದ ಮೇಲೆ ಅವಳು ಕೈ ಮೂಸಿಕೊಂಡು, “ಬೇಡ ಕಣ್ರೀ, ಥೇಟ್ ನಿಮ್ಮಕ್ಕನ ಬೀರು” ಎಂದಳು.

ಅಕ್ಕ ಗಂಧದ ಸೋಪಿನ ಖಾಲಿ ಪೊಟ್ಟಣಗಳನ್ನು ಸೀರೆಯ ಮಡಿಕೆಗಳಲ್ಲಿ ಇಡುತ್ತಾಳೆ, ಮೂಲೆಗೆರಡು ನುಸಿಗುಳಿಗೆ. ಹಬ್ಬಕ್ಕೆ ಆ ಬೀರು ತೆಗೆದರೆ ಹಾಲಿನಲ್ಲಿ ಕೂತ ನಮಗೂ ಗೊತ್ತಾಗುತ್ತಿತ್ತು.

“ಹೌದು, ಅದಕ್ಕೇ ಹಿಡಿಸಿದ್ದು” ಎಂದೆ.

“ಹಾಗಾದ್ರೆ ನಿಮ್ಮಕ್ಕಂಗೇ ಕೊಡ್ಸಿ” ಎಂದು ಅವಳು ಮುಂದಿನ ಸಾಲಿಗೆ ನಡೆದಳು.